ಅರವತ್ತು ವರ್ಷದ ಗೇಣಿ

ಕಳೆದ ವರ್ಷ ಊರಿನಿಂದ ನನ್ನ ಹೆಂಡತಿಯ ತಮ್ಮ ಬಂದಿದ್ದ. ನೆರೂಲಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಚಹಾ ಕುಡಿಯುತ್ತ, ಕೆಳಗಿನ ರಸ್ತೆ, ಆಚೆಯ ಗುಲ್‌ಮೊಹರ್ ಮರ ಎಲ್ಲ ನೋಡಿ ಕೇಳಿದ. "ಇದ್ ಸ್ವಂತದ್ದೇ ಅಲ್ದಾ ಭಾವ?"

"ಮನೆ ಸ್ವಂತದ್ದು. ನೆಲ ಸ್ವಂತದ್ದಲ್ಲ."

"ಹಂಗಾರೆ ಮನೆ ಗಾಳಿ ಮೇಲ್ ಇತ್ತಾ?"

ನಕ್ಕೆವು. ಆದರೆ ಅವನು ಹೋದ ಮೇಲೂ ಆ ಮಾತು ಹೋಗಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತು ಇನ್ನೊಬ್ಬರ ಮನೆ-ಜಾಗದ ಕಾಗದ ನೋಡಿದವನು ನಾನು. ನನ್ನ ಮನೆಯ ಬಗ್ಗೆ ಅವನಿಗೆ ಸರಿಯಾದ ಉತ್ತರ ಕೊಡಲು ಆಗಲಿಲ್ಲವಲ್ಲ ಎನ್ನಿಸಿತು.

ಊರಿನ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿ 'ಮನೆ ಲೀಸಿಗೆ ಹಾಕಿದ್ದೇವೆ' ಎಂದರೆ ಭೋಗ್ಯ; ಒಂದಷ್ಟು ಲಕ್ಷ ಕೊಟ್ಟು ಬಾಡಿಗೆಯಿಲ್ಲದೆ ಎರಡು-ಮೂರು ವರ್ಷ ಇದ್ದು, ಹೋಗುವಾಗ ದುಡ್ಡು ವಾಪಸು ತೆಗೆದುಕೊಳ್ಳುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನ ಸಿಕ್ಕವರು 'ಲೀಸ್ ಕಮ್ ಸೇಲ್' ಎಂಬ ಕಾಗದ ನೋಡಿರುತ್ತಾರೆ. ಹತ್ತು ವರ್ಷ ಕಳೆದರೆ ಶುದ್ಧ ಕ್ರಯಪತ್ರ ಕೈಗೆ ಬರುತ್ತದೆ. ನವಿ ಮುಂಬಯಿಯದು ಇವೆರಡೂ ಅಲ್ಲ. ಮುಂಬಯಿಯ ಭಾರ ಇಳಿಸಲು ಖಾರಿಯ ಈಚೆ ಹೊಸ ಊರು ಕಟ್ಟಬೇಕೆಂದು 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿತು. 95 ಹಳ್ಳಿಗಳ ಪ್ರದೇಶ ಯೋಜನೆಯೊಳಗೆ ಬಂತು. ಸರ್ಕಾರ ಸ್ವಾಧೀನ ಮಾಡಿಕೊಂಡ ಆ ನೆಲವನ್ನು ಸಿಡ್ಕೋ ಮಾರುವುದಿಲ್ಲ; ಅರವತ್ತು ವರ್ಷಕ್ಕೆ ಗೇಣಿಗೆ ಕೊಡುತ್ತದೆ. ನಮ್ಮ ಹೌಸಿಂಗ್ ಸೊಸೈಟಿ ಹಾಗೆ ಕರಾರು ಮಾಡಿಕೊಂಡದ್ದು 1984ರಲ್ಲಿ. ಅದರ ಮೇಲೆ ಇಪ್ಪತ್ತನಾಲ್ಕು ಮನೆ ಕಟ್ಟಿದರು. 1991ರಲ್ಲಿ ಒಬ್ಬರು ವರ್ಗವಾಗಿ ಹೋಗುವಾಗ ಅವರ ಮನೆಯನ್ನು ನಾನು ಕೊಂಡೆ. ಆಗ ಇಲ್ಲಿಗೆ ರೈಲಿರಲಿಲ್ಲ. ವಾಶಿಗೆ ರೈಲು ಬಂದದ್ದು 1992ರಲ್ಲಿ, ನೆರೂಲಿಗೆ ಅದಾದ ಮೇಲೆ. ಮಾಟುಂಗದ ಸ್ನೇಹಿತರು, "ಅಷ್ಟು ದೂರ ಹೋಗಿ ಸಾಯ್ತೀಯಾ ಮಾರಾಯ?" ಎಂದು ಕೇಳಿದ್ದರು.

ಕೊಟ್ಟದ್ದು ಎರಡು ಲಕ್ಷ ಅರವತ್ತೈದು ಸಾವಿರ. ಅದರಲ್ಲಿ ಹೆಚ್ಚಿನದು ಬ್ಯಾಂಕಿನ ಸಾಲ. ಕಾಗದಕ್ಕೆ ಸಹಿ ಹಾಕಿದೆ. ಓದಲಿಲ್ಲ. ಇದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಸಾಲ ಕೇಳಲು ಬಂದವರಿಗೆ, "ಯಜಮಾನ್ರೇ, ಲೀಸು ಎಷ್ಟು ವರ್ಷ ಉಳಿದಿದೆ ನೋಡಿದ್ದೀರಾ? ಸಾಲ ತೀರಿದ ಮೇಲೂ ಲೀಸಿನಲ್ಲಿ ಕೆಲವು ವರ್ಷ ಬಾಕಿ ಇರಬೇಕು" ಎಂದು ಉಪದೇಶ ಮಾಡುತ್ತಿದ್ದವನು ನಾನೇ. ನನಗಾಗ ಮೂವತ್ತಮೂರು. 2044 ಎಂಬುದು ಒಂದು ವರ್ಷ ಅಂತಲೇ ಅನ್ನಿಸಿರಲಿಲ್ಲ.

ಎಂ.ಕಾಂ.ನಲ್ಲಿ ನಮಗೆ ಕಲಿಸಿದ ಒಂದು ಪಾಠ ಇದೆ. ಸ್ವಂತ ಭೂಮಿಗೆ ಸವಕಳಿ ಇಲ್ಲ. ಯಂತ್ರ ಸವೆಯುತ್ತದೆ, ಕಟ್ಟಡ ಸವೆಯುತ್ತದೆ, ಮೇಜು-ಕುರ್ಚಿ ಸವೆಯುತ್ತದೆ, ನೆಲ ಸವೆಯುವುದಿಲ್ಲ. ಆದರೆ ಗೇಣಿಯ ನೆಲವನ್ನು ಮಾತ್ರ ವರ್ಷವರ್ಷವೂ ಪುಸ್ತಕದಿಂದ ಇಷ್ಟಿಷ್ಟೇ ಕಳೆಯುತ್ತ ಹೋಗಬೇಕು. ಅವಧಿ ಮುಗಿಯುವ ದಿನ ಅದು ಸೊನ್ನೆಯಾಗಿರಬೇಕು. ಮೊನ್ನೆ ಹಳೆ ಡೈರಿಯ ಹಿಂಬದಿಯಲ್ಲಿ ನನ್ನ ಮನೆಯ ಲೆಕ್ಕ ಹಾಕಿದೆ. ಮನೆಯನ್ನೂ ನೆಲವನ್ನೂ ಬೇರೆ ಮಾಡದೆ ಒಟ್ಟಾಗಿಯೇ ಹಿಡಿದೆ. ಕೊಂಡಾಗ ಐವತ್ತಮೂರು ವರ್ಷ ಉಳಿದಿತ್ತು. ವರ್ಷಕ್ಕೆ ಐದು ಸಾವಿರ. ಮೂವತ್ತೈದು ವರ್ಷ ತಿಂದಾಗಿದೆ, ಅಂದರೆ ಒಂದು ಲಕ್ಷ ಎಪ್ಪತ್ತೈದು ಸಾವಿರ. ಉಳಿದದ್ದು ತೊಂಬತ್ತು ಸಾವಿರ. ಅದೇ ಮನೆಗೆ ಏಜೆಂಟರು ಇವತ್ತು ಹೇಳುವ ಬೆಲೆ ಕೋಟಿಯ ಮೇಲೆ. ಪುಸ್ತಕದಲ್ಲಿ ಕರಗುತ್ತ ಬಂದ ವಸ್ತು ಪೇಟೆಯಲ್ಲಿ ಉಬ್ಬುತ್ತ ಬಂದಿದೆ. ಎರಡರಲ್ಲಿ ಯಾವುದು ಸುಳ್ಳು ಎಂದು ಕೇಳಿದರೆ, ಎರಡೂ ನಿಜ. 2044 ಹತ್ತಿರ ಬಂದಾಗ ಎರಡೂ ಒಂದು ಕಡೆ ಕೂಡಲೇಬೇಕು, ಅಷ್ಟೆ.

ಕೆಲವು ವರ್ಷಗಳಿಂದ ಇಲ್ಲಿಯ ಸೊಸೈಟಿಗಳಲ್ಲಿ ಒಂದೇ ಮಾತು: ಅರವತ್ತನ್ನು ತೊಂಬತ್ತೊಂಬತ್ತಕ್ಕೆ ಏರಿಸಿಕೊಳ್ಳುವುದು, ಅದಕ್ಕೆ ಒಂದು ಸಲದ ಶುಲ್ಕ ಕಟ್ಟುವುದು. ದಿಲ್ಲಿಯಲ್ಲಿ 1992ರಿಂದಲೇ ಡಿಡಿಎ ಫ್ಲಾಟಿನವರು ದುಡ್ಡು ಕಟ್ಟಿ ಲೀಸನ್ನು ಪೂರ್ಣ ಸ್ವಾಮ್ಯಕ್ಕೆ ಬದಲಿಸಿಕೊಳ್ಳುತ್ತ ಬಂದಿದ್ದಾರೆ. ನಮ್ಮ ಕಟ್ಟಡದಲ್ಲಿ ಇದು ಸಭೆಯ ತನಕ ಬಂದದ್ದು ಮೂರನೇ ಮಾಳಿಗೆಯ ಹುಡುಗನಿಂದ. ಹುಡುಗ ಎಂದರೆ ಮೂವತ್ತೈದು ವರ್ಷ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ, ಇಪ್ಪತ್ತು ವರ್ಷದ ಸಾಲ. "ಅಂಕಲ್, ನನ್ನ ಇಎಂಐ ಮುಗಿಯುವ ಮೊದಲೇ ಲೀಸು ಮುಗಿಯುತ್ತೆ. ನಾಳೆ ನಾನು ಮಾರಲು ಹೋದರೆ ಕೊಳ್ಳುವವನಿಗೆ ಯಾವ ಬ್ಯಾಂಕು ಸಾಲ ಕೊಡುತ್ತೆ?" ಎಂದ. ಅವನಿಗೆ ಸಾಲ ಕೊಟ್ಟ ಬ್ಯಾಂಕಿನವರು ಇದನ್ನು ಹೇಗೆ ನೋಡದೆ ಬಿಟ್ಟರೋ! ನನ್ನ ಕಾಲದಲ್ಲಾದರೆ ಮೆಮೊ ಬರುತ್ತಿತ್ತು.

ಸಭೆ ನಡೆದದ್ದು ಕೆಳಗೆ ಪಾರ್ಕಿಂಗ್ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ. ನಾನು ಖಜಾಂಚಿ. ಪಾಲಿಗೆ ಬರುವ ಅಂದಾಜು ಮೊತ್ತ ಓದುತ್ತಿದ್ದಂತೆ ಗಲಾಟೆ ಶುರುವಾಯಿತು. "ನಮ್ಮ ಮನೆಗೆ ನಾವೇ ಎರಡನೇ ಸಲ ದುಡ್ಡು ಕೊಡಬೇಕಾ?" ಎಂದು ಒಬ್ಬರು. "ಇದು ಲೂಟಿ" ಎಂದು ಇನ್ನೊಬ್ಬರು. "ಬಿಲ್ಡರ್‌ಗೆ ಕೊಟ್ಟು ಹೊಸ ಕಟ್ಟಡ ಕಟ್ಟಿಸಿ, ಅವನೇ ಶುಲ್ಕ ಕಟ್ಟುತ್ತಾನೆ" ಎಂದು ಮತ್ತೊಬ್ಬರು. ಬಿಲ್ಡರ್ ಕಟ್ಟಿದರೂ ಅದು ನಮ್ಮ ಅಡಿಗಳಿಂದಲೇ ಹೋಗುತ್ತದೆ ಎಂದು ಹೇಳಿ ಪ್ರಯೋಜನವಿಲ್ಲ, ಹೇಳಲಿಲ್ಲ. ಆಗ ಎರಡನೇ ಮಾಳಿಗೆಯ ಟೀಚರ್ ಎದ್ದು ನಿಂತರು. ಎಪ್ಪತ್ತೊಂಬತ್ತು ವರ್ಷ, ಮುನಿಸಿಪಾಲಿಟಿ ಶಾಲೆಯಲ್ಲಿ ಮೂವತ್ತು ವರ್ಷ ಮರಾಠಿ ಕಲಿಸಿದವರು. ಗಂಡ ತೀರಿಕೊಂಡು ಹದಿಮೂರು ವರ್ಷ. ಮಕ್ಕಳಿಲ್ಲ. ಅವರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ:

"ನಾನು ಇಳಿಯುವ ಊರಿಗೆ ಟಿಕೇಟು ತೆಗೆದಾಗಿದೆ. ಅದರ ಮುಂದಿನ ಸ್ಟೇಷನ್ನಿನ ಟಿಕೇಟಿಗೂ ನೀವು ನನ್ನ ಹತ್ತಿರವೇ ದುಡ್ಡು ಕೇಳುತ್ತಿದ್ದೀರಿ."

ಯಾರೂ ಮಾತಾಡಲಿಲ್ಲ. ಸೆಕ್ರೆಟರಿ ಒಳ್ಳೆಯ ಮನುಷ್ಯ, ಆದರೆ ಮೌನ ಅವರಿಗೆ ಆಗುವುದಿಲ್ಲ. ಮಾವಿನ ಗಿಡ ನೆಡುತ್ತಿದ್ದ ಮುದುಕನ ಕಥೆ ಶುರುಮಾಡಿದರು. ಟೀಚರ್ ಅರ್ಧದಲ್ಲೇ ತಡೆದರು: "ಆ ಪಾಠ ನಾನು ಮೂವತ್ತು ವರ್ಷ ಮಾಡಿದ್ದೇನೆ. ಗಿಡ ನೆಡಲು ಮುದುಕನಿಗೆ ಪಿಂಚಣಿ ಒತ್ತೆ ಇಡಬೇಕಾಗಿರಲಿಲ್ಲ."

ನಾನು ಬ್ಯಾಂಕಿನವನ ಉತ್ತರ ಕೊಟ್ಟೆ. ಅವಧಿ ಹೆಚ್ಚಿಸದಿದ್ದರೆ ನಿಮ್ಮ ಮನೆಯ ಬೆಲೆ ಬೀಳುತ್ತದೆ, ನಿಮ್ಮ ತಂಗಿಯ ಮಗಳಿಗೆ ತಾನೇ ನಷ್ಟ ಎಂದೆ. "ಹಾಗಾದರೆ ಅವಳನ್ನು ಕೇಳಿ" ಎಂದು ಕೂತರು. ಸಭೆ ಮುಂದಕ್ಕೆ ಹೋಯಿತು.

ಲೀಸು ಇಡೀ ಜಾಗದ್ದು, ಒಂದೊಂದು ಮನೆಯದಲ್ಲ. ಇಪ್ಪತ್ತಮೂರು ಜನ ಮುಂದೆ ಹೋಗಿ ಒಬ್ಬರು ಹಿಂದೆ ಉಳಿಯಲು ಬರುವುದಿಲ್ಲ. ಬಹುಮತದಿಂದ ನಿರ್ಣಯ ಮಾಡಿ ಅವರ ಹೆಸರಿಗೆ ಬಾಕಿ ಬರೆಯಬಹುದು ಎಂದು ಕೆಲವರು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಬರೆಯಬಹುದೋ ಏನೋ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಸೊಸೈಟಿಯ ಬೈಲಾ ಅಲ್ಲ. ಕುಂದಾಪುರದ ತಾಲೂಕು ಆಫೀಸು.

ನಾವು ಚಾಲಗೇಣಿ ಒಕ್ಕಲು. ದಕ್ಷಿಣ ಕನ್ನಡದವರಿಗೆ ಇದನ್ನು ಹೇಳಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಮೂಲಗೇಣಿ ಎಂದರೆ ಶಾಶ್ವತ ಗೇಣಿ. ಗೇಣಿ ಏರುವುದಿಲ್ಲ, ಒಕ್ಕಲನ್ನು ಎಬ್ಬಿಸುವ ಹಾಗಿಲ್ಲ, ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದೆ. ಚಾಲಗೇಣಿ ಎಂದರೆ ಒಡೆಯರ ಮನಸ್ಸಿದ್ದಷ್ಟು ದಿನ. ಅಜ್ಜ ಮಾಡಿದ ಗದ್ದೆ, ಅಪ್ಪ ಮಾಡಿದ ಗದ್ದೆ. ಒಡೆಯರು ಒಳ್ಳೆಯವರು, ಎಬ್ಬಿಸಲಾರರು ಎಂಬ ಧೈರ್ಯ ಇತ್ತು. ಆದರೆ ಎಬ್ಬಿಸಲಾರರು ಎಂಬ ಧೈರ್ಯವೇ ಬೇರೆ, ಎಬ್ಬಿಸುವ ಹಾಗಿಲ್ಲ ಎಂಬ ಹಕ್ಕೇ ಬೇರೆ. ಇವತ್ತು ನವಿ ಮುಂಬಯಿಯಲ್ಲಿ, "ಲಕ್ಷಗಟ್ಟಲೆ ಜನರನ್ನು ಯಾರು ಓಡಿಸ್ತಾರೆ ಬಿಡಿ" ಎನ್ನುವವರನ್ನು ಕಂಡಾಗ ನನಗೆ ಅಪ್ಪನ ಆ ಧೈರ್ಯವೇ ನೆನಪಾಗುವುದು. ಮಳೆಗಾಲ ಶುರುವಾಗುವ ಮೊದಲು ಒಡೆಯರ ಮನೆಯ ಜಗಲಿಯ ಕೆಳಗೆ ನಿಂತು, "ಈ ವರ್ಷವೂ ಮಾಡ್ಲಾ?" ಎಂದು ಕೇಳುವಾಗ ಅವರ ಧ್ವನಿ ಹೇಗಿರುತ್ತಿತ್ತು ಎಂದು ಕೇಳಿಸಿಕೊಂಡವನು ನಾನು.

1974ರ ಮಾರ್ಚ್ 1ಕ್ಕೆ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ. ಉಳುವವನು ಏಳನೇ ನಂಬ್ರದ ಫಾರಂ ತುಂಬಿ ಕೊಟ್ಟರೆ, ಭೂನ್ಯಾಯ ಮಂಡಳಿ ವಿಚಾರಿಸಿ ಅವನಿಗೇ ಕೊಡುವುದು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಹಾಕುವುದು' ಎಂದೇ ಹೆಸರು. ಫಾರಂ ತುಂಬಿದ್ದು ನಾನು, ಹದಿನಾರು ವರ್ಷ ನನಗೆ. ಅಪ್ಪನ ಹತ್ತಿರ ಇದ್ದ ಸಾಕ್ಷಿ ಎಂದರೆ ಬಿಸ್ಕೇಟಿನ ಡಬ್ಬಿಯಲ್ಲಿಟ್ಟ ಎರಡು ಗೇಣಿ ಚೀಟಿ, ತೀರಿಹೋದ ಒಡೆಯರ ಕೈಬರಹದ್ದು. ಅವರ ನಂತರ ಜಮೀನು ಇದ್ದದ್ದು ಅವರ ಹೆಂಡತಿಯ ಹೆಸರಲ್ಲಿ. ನಮ್ಮ ಒಡತಿಯಮ್ಮ ಸಿನಿಮಾದಲ್ಲಿ ತೋರಿಸುವ ಜಮೀನ್ದಾರ್ತಿ ಅಲ್ಲ. ಒಂದು ಹಳೆ ಮನೆ, ನಾಲ್ಕಾರು ತೆಂಗು, ಎರಡು ಒಕ್ಕಲಿನಿಂದ ಬರುವ ಗೇಣಿ ಅಕ್ಕಿ. ಅದರಲ್ಲೇ ಅವರ ವರ್ಷ ಕಳೆಯಬೇಕು.

ವಿಚಾರಣೆ ಬಂದದ್ದು 1977ರಲ್ಲಿ. ಮಂಡಳಿಯ ಮುಂದೆ ಆಗ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯರೂ ಒಕ್ಕಲೂ ಅವರವರ ಬಾಯಿಂದಲೇ ಹೇಳಬೇಕು. ಒಡತಿಯಮ್ಮನ ಮೈದುನನ ಮಕ್ಕಳು ಅವರಿಗೆ ಹೇಳಿಕೊಟ್ಟು ಕರೆತಂದಿದ್ದರು: 'ಇವನು ಗೇಣಿಯವನಲ್ಲ, ಕೂಲಿಯಾಳು' ಎಂದು. ಹಾಗೆ ಹೇಳಿ ಗೆದ್ದವರು ತಾಲೂಕಿನಲ್ಲಿ ಎಷ್ಟೋ ಮಂದಿ. ನಮ್ಮ ಎರಡು ಚೀಟಿಯಲ್ಲಿ ಒಂದು ಗೆದ್ದಲು ತಿಂದದ್ದು. ಅಧಿಕಾರಿ ಕೇಳಿದರು. ಒಡತಿಯಮ್ಮ ಸೆರಗು ಎಳೆದುಕೊಂಡು ಹೇಳಿದರು:

"ನನ್ನ ಗಂಡ ಇದ್ದಾಗ್ಲಿಂದ ಇವ್ನೇ ಮಾಡ್ಕಂಡ್ ಬಂದದ್ದ್. ಇವ್ನ ಅಪ್ಪನೂ ಮಾಡ್ದ. ಸುಳ್ಳ್ ಹೇಳಿ ನಂಗೆಂತ ಆಯ್ಕ್?"

ಐದು ನಿಮಿಷ ಹಿಡಿಯಲಿಲ್ಲ. ಜಮೀನು ನಮ್ಮದಾಯಿತು. ಹೊರಗೆ ಬಂದಾಗ ಮೈದುನನ ಮಕ್ಕಳು ಅವರನ್ನು ಬಿಟ್ಟು ಮುಂದೆ ಹೋಗಿದ್ದರು. ಅಪ್ಪ ಅವರ ಹಿಂದೆ ಹತ್ತು ಮಾರು ದೂರದಲ್ಲಿ ಬಸ್‌ಸ್ಟ್ಯಾಂಡಿನ ತನಕ ನಡೆದರು. ಮಾತಾಡಲಿಲ್ಲ.

ಆ ವರ್ಷ ಮಳೆಗಾಲದ ಬೆಳೆ ಕೊಯ್ದಾದ ಮೇಲೆ ಅಪ್ಪ ಒಂದು ಮುಡಿ ಅಕ್ಕಿ ಹೊತ್ತುಕೊಂಡು ಅವರ ಮನೆಗೆ ಹೋದರು. ನಾನು ಜತೆಗಿದ್ದೆ. ಒಡತಿಯಮ್ಮ ಒಳಗಿನಿಂದ ಬಂದು, "ಇದೆಂತ ಲೆಕ್ಕ?" ಎಂದು ಕೇಳಿದರು.

"ಲೆಕ್ಕ ಎಂತ ಇಲ್ಲ ಅಮ್ಮ. ಹೊಸ ಅಕ್ಕಿ."

"ಗೇಣಿ ಆರೆ ಇಳ್ಸ್. ಧರ್ಮ ಆರೆ ತಕಂಡ್ ಹೋಗ್."

ಅಪ್ಪನಿಗೆ ಗೇಣಿ ಎನ್ನಲು ಬಾಯಿ ಬರಲಿಲ್ಲ. ಆ ಶಬ್ದ ಹೋಗಲಿ ಎಂದೇ ಅಲ್ಲವೇ ಮೂರು ವರ್ಷ ತಾಲೂಕು ಆಫೀಸಿಗೆ ಅಲೆದದ್ದು. ಧರ್ಮ ಎನ್ನಲೂ ಆಗಲಿಲ್ಲ. ಮುಡಿ ಹೊತ್ತು ವಾಪಸು ಬಂದರು. ಅಮ್ಮ ಅದನ್ನು ಒಲೆಗೆ ಹಾಕಲು ಹಿಂದೆ ಮುಂದೆ ನೋಡಿದಾಗ, "ಬೇಯ್ಸ್. ಅಕ್ಕಿಗೆಂತ ಗೊತ್ತ್" ಎಂದರು. ಆಮೇಲೆ ಒಡತಿಯಮ್ಮ ಇರುವಷ್ಟು ವರ್ಷವೂ ಹೊಸ ಅಕ್ಕಿ ಊಟದ ಮರುದಿನ ಬರಿಗೈಯಲ್ಲಿ ಹೋಗಿ ಅವರ ಜಗಲಿಯಲ್ಲಿ ಅರ್ಧ ಗಂಟೆ ಕೂತು ಬರುತ್ತಿದ್ದರು. ಕಾನೂನಿಗೆ ಮೊದಲು ಅವರು ಆ ಜಗಲಿ ಹತ್ತಿದವರಲ್ಲ.

ಆ ಕಾನೂನು ತಪ್ಪೆಂದು ನಾನು ಯಾವತ್ತೂ ಹೇಳುವುದಿಲ್ಲ. ಅದಿಲ್ಲದಿದ್ದರೆ ನಾನು ಎಂ.ಕಾಂ. ಓದುತ್ತಿರಲಿಲ್ಲ, ನಮ್ಮ ಮನೆಯಲ್ಲಿ ಬ್ಯಾಂಕಿನ ಪರೀಕ್ಷೆಗೆ ಕೂರುವವರು ಹುಟ್ಟುತ್ತಲೇ ಇರಲಿಲ್ಲ. ಉಳುವವನಿಗೆ ಹೊಲ ಎಂಬುದು ನ್ಯಾಯ. ಆದರೆ ಆ ನ್ಯಾಯದ ಬೆಲೆಯಲ್ಲಿ ಒಂದು ಪಾಲನ್ನು ಒಬ್ಬ ವಿಧವೆ ಕೊಟ್ಟರು, ಅದೂ ಸತ್ಯ ಹೇಳಿ ಕೊಟ್ಟರು. ಕಾನೂನು ಹಕ್ಕಿನ ಲೆಕ್ಕ ತೀರಿಸಿತು. ಉಳಿದದ್ದಕ್ಕೆ ಅಪ್ಪನಿಗೆ ಹೆಸರು ಸಿಗಲಿಲ್ಲ, ನನಗೂ ಸಿಕ್ಕಿಲ್ಲ. ಋಣ ಅನ್ನಬಹುದು, ಆದರೆ ಋಣ ಎಂದರೆ ತೀರಿಸಲು ಬರಬೇಕಲ್ಲ.

ನಮ್ಮ ಗೇಟಿನ ಹತ್ತಿರ ಮಂಗಳವಾರ-ಶುಕ್ರವಾರ ಮೀನು ತರುವ ಒಬ್ಬ ಮಾವುಶಿ ಇದ್ದಾರೆ. ಆಗ್ರಿ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು. ಮೀನಿನ ವಿಷಯದಲ್ಲಿ ನಾವು ಕರಾವಳಿಯವರು ಮಾತು ಬೆಳೆಸುವುದು ಸಹಜ. ಹತ್ತಿಪ್ಪತ್ತು ವರ್ಷದ ಹಿಂದೆ ಒಂದು ದಿನ ಬಂಗುಡೆ ಲೆಕ್ಕ ಮಾಡುತ್ತ ನಮ್ಮ ಕಟ್ಟಡದ ಕಡೆ ಕೈ ತೋರಿಸಿ, "ಅಲ್ಲೇ ನಮ್ಮ ಗದ್ದೆ" ಎಂದಿದ್ದರು. 'ಇತ್ತು' ಎನ್ನಲಿಲ್ಲ. ಅವರ ಮಾವ ಗೇಣಿ ಒಕ್ಕಲು. ಮರಾಠಿಯಲ್ಲಿ ಗೇಣಿ ಒಕ್ಕಲಿಗೆ 'ಕೂಳ್' ಎನ್ನುತ್ತಾರೆ. ನಮ್ಮಲ್ಲಿ 'ದೊಡ್ಡ ಕುಳ' ಎಂದರೆ ದುಡ್ಡಿರುವವನು. ಶಬ್ದಗಳು ಘಟ್ಟ ಹತ್ತಿ ಇಳಿಯುವಾಗ ಏನೇನಾಗುತ್ತವೋ. ಮುಂಬಯಿ ಪ್ರಾಂತ್ಯದ 1948ರ ಗೇಣಿ ಕಾಯ್ದೆಗೆ ಆಮೇಲೆ ಆದ ತಿದ್ದುಪಡಿಯಂತೆ 1957ರ ಏಪ್ರಿಲ್ 1ನ್ನು 'ಉಳುವವನ ದಿನ' ಎಂದು ಗೊತ್ತುಮಾಡಿದ್ದರು. ಆ ದಿನದಿಂದ ಉಳುವವನೇ ಭೂಮಿಯ ಖರೀದಿದಾರ. ಮಾವುಶಿಯ ಮಾವನಿಗೆ ಹಾಗೆ ಬಂದ ಗದ್ದೆ ಅದು. ಎಪ್ಪತ್ತರ ದಶಕದಲ್ಲಿ ಹೊಸ ಪಟ್ಟಣಕ್ಕೆ ಹೋಯಿತು.

ಇದು ನನಗೆ ತಡವಾಗಿ ಹೊಳೆದ ವಿಷಯ. ನಮ್ಮೂರಲ್ಲಿ ಒಕ್ಕಲಿಗೆ ಗದ್ದೆ ಸಿಗುತ್ತಿದ್ದ ಅದೇ ವರ್ಷಗಳಲ್ಲಿ ಇಲ್ಲಿ ಒಕ್ಕಲಿನ ಕೈಗೆ ಬಂದಿದ್ದ ಗದ್ದೆ ಹೋಗುತ್ತಿತ್ತು. ಹೋದದ್ದು ಸುಮ್ಮನೆ ಹೋಗಲಿಲ್ಲ. 1984ರ ಜನವರಿಯಲ್ಲಿ ಉರಣದ ಕಡೆ ರೈತರ ಮೇಲೆ ಗೋಲಿಬಾರಾಗಿ ಐವರು ಸತ್ತರು. ಅಂದರೆ ನಮ್ಮ ಸೊಸೈಟಿ ಕರಾರಿಗೆ ಸಹಿ ಹಾಕಿದ ವರ್ಷವೇ. ಆ ಹೋರಾಟದ ಫಲವಾಗಿ ಮುಂದೆ, ಕಳೆದುಕೊಂಡ ಜಮೀನಿನ ಶೇಕಡಾ ಹನ್ನೆರಡೂವರೆಯಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಹಿಂದಕ್ಕೆ ಕೊಡುವ ಯೋಜನೆ ಬಂತು. ಹೋರಾಟದ ಮುಂದಾಳಾಗಿದ್ದ ದಿ. ಬಾ. ಪಾಟೀಲರ ಹೆಸರನ್ನು ವಿಮಾನ ನಿಲ್ದಾಣಕ್ಕೆ ಇಡಬೇಕೆಂದು 2021ರಲ್ಲಿ ಸಾವಿರಗಟ್ಟಲೆ ಜನ ರಸ್ತೆಗಿಳಿದಾಗ ಮಾವುಶಿಯೂ ಹೋಗಿದ್ದರು, ಆ ವಾರ ಮೀನು ಇರಲಿಲ್ಲ.

ಸಭೆಯಾದ ಮರುದಿನವೇ ಶುಕ್ರವಾರ. ಬೂತಾಯಿ ತೂಗುವಾಗ ನಮ್ಮ ತಾಪತ್ರಯ ಹೇಳಿದೆ, ಲೀಸು ಮುಗಿಯುತ್ತಿದೆ, ಹೆಚ್ಚಿಸಿಕೊಳ್ಳಲು ದುಡ್ಡು ಕಟ್ಟಬೇಕು ಎಂದು. ಅವರಿಗೆ ನಗು ಬಂತು. "ನಮಗೆ ವಾಪಸು ಕೊಟ್ಟ ತುಂಡೂ ಅರವತ್ತು ವರ್ಷಕ್ಕೇ ಸಾಹೇಬ್. ನಮ್ಮದೇ ನೆಲ, ನಮಗೇ ಗೇಣಿ. ನಿಮ್ಮದು ಯಾವ ಲೆಕ್ಕ?" ಎಂದರು. ಎರಡು ಮೀನು ಹೆಚ್ಚಿಗೆ ಹಾಕಿದರು.

'ನಮ್ಮ ಮನೆಗೆ ನಾವೇ ಎರಡನೇ ಸಲ ದುಡ್ಡು ಕೊಡಬೇಕಾ' ಎಂಬ ಮಾತು ಅದಾದ ಮೇಲೆ ನನ್ನ ಬಾಯಲ್ಲಿ ಬರುವುದಿಲ್ಲ. ನಾವು ನೆಲ ಕೊಂಡೇ ಇರಲಿಲ್ಲ. ಕೊಂಡದ್ದು ಅರವತ್ತು ವರ್ಷ. ಆ ಬೆಲೆಯೂ ನೆಲದ ಬೆಲೆಯಲ್ಲ, ಅದಕ್ಕೇ ನಮ್ಮಂಥ ಗುಮಾಸ್ತರಿಗೆ, ಮೇಷ್ಟರಿಗೆ ಇಲ್ಲಿ ಮನೆ ಮಾಡಲು ಆಯಿತು. ಒಂದು ಕೋಟಿಗೆ ಏರಿದ್ದು ನಮ್ಮ ಬೆವರಿನಿಂದ ಅಲ್ಲ. ರೈಲು ಬಂತು, ಸೇತುವೆ ಬಂತು, ಮುಂಬಯಿ ತುಂಬಿ ಚೆಲ್ಲಿತು. ಮೂವತ್ತೈದು ವರ್ಷ ಇದ್ದೆವು ಎಂಬುದೂ ಒಂದು ಹಕ್ಕೇ, ನಾನು ಅಲ್ಲಗಳೆಯುವುದಿಲ್ಲ, ಅದೇ ಹಕ್ಕಿನಿಂದ ನಮ್ಮ ಅಪ್ಪ ಗೆದ್ದದ್ದು. ಆದರೆ ಅಪ್ಪ ಗದ್ದೆಯಲ್ಲಿ ಬಗ್ಗಿ ಗೆದ್ದರು. ನಾವು ಬಾಲ್ಕನಿಯಲ್ಲಿ ಕೂತು ಗೆಲ್ಲಬೇಕೆನ್ನುತ್ತಿದ್ದೇವೆ.

ನಮ್ಮ ಸ್ನೇಹಿತರೊಬ್ಬರ ಮಗಳು ಲಂಡನ್ನಿನಲ್ಲಿ ಫ್ಲಾಟು ಕೊಂಡಿದ್ದಾಳೆ. ಅಲ್ಲಿ ಫ್ಲಾಟುಗಳು ಹೆಚ್ಚಾಗಿ ಲೀಸೇ. 1993ರ ಕಾನೂನಿನಂತೆ ಒಡೆಯನಿಗೆ ತಕ್ಕ ಬೆಲೆ ಕೊಟ್ಟು ತೊಂಬತ್ತು ವರ್ಷ ಸೇರಿಸಿಕೊಳ್ಳುವ ಹಕ್ಕು ಅಲ್ಲಿ ಬಂತು; ಆಮೇಲೆ ನೆಲದ ಬಾಡಿಗೆ ಹೆಸರಿಗೆ ಮಾತ್ರ, ಅದಕ್ಕೆ ಅವರು ಹೇಳುವುದು 'ಒಂದು ಕಾಳುಮೆಣಸು' ಎಂದು. ಕೇಳಿ ನಗು ಬಂತು. ನಮ್ಮ ಘಟ್ಟದ ಕಾಳುಮೆಣಸು ಅವರ ಕಾಗದದಲ್ಲಿ ಹೋಗಿ ಕೂತಿದೆ. ಹಾಂಗ್‌ಕಾಂಗಿನ ಕಥೆಯೂ ಇದೇ. ಅದರ ಬಹುಪಾಲು ನೆಲ ಬ್ರಿಟಿಷರಿಗೆ 1898ರಲ್ಲಿ ತೊಂಬತ್ತೊಂಬತ್ತು ವರ್ಷಕ್ಕೆ ಸಿಕ್ಕಿದ ಲೀಸು. ಬರೆದವರಿಗೆ ತೊಂಬತ್ತೊಂಬತ್ತು ಎಂದರೆ ಎಂದೆಂದಿಗೂ ಎಂಬ ಅರ್ಥವೇ ಇದ್ದಿರಬೇಕು. ಹದಿನೈದು ವರ್ಷದ ಗೃಹಸಾಲ 1997ನ್ನು ದಾಟುತ್ತದೆ ಎಂದಾದಾಗ ಎಲ್ಲರಿಗೂ ಎಚ್ಚರವಾಯಿತು. ನಾನು ಬ್ಯಾಂಕು ಸೇರಿದ ಹೊಸತರಲ್ಲಿ ಆ ಸುದ್ದಿಯನ್ನು ಪೇಪರಿನಲ್ಲಿ ಓದಿ, ಎಷ್ಟು ಬುದ್ಧಿಗೇಡಿಗಳು, ಮೊದಲೇ ನೋಡಬಾರದಿತ್ತೇ ಎಂದುಕೊಂಡಿದ್ದೆ.

ಇನ್ನು ಟೀಚರ್ ಮಾತು. ಶುಲ್ಕ ಕೊಡಬೇಕಾದ್ದೇ ಸರಿ ಎಂದರೆ ಯಾರು ಕೊಡಬೇಕು? ಹೆಚ್ಚಿಸಿದರೆ ಲೀಸು 2083ರ ತನಕ ಹೋಗುತ್ತದೆ. 2044ಕ್ಕೆ ನನಗೆ ಎಂಬತ್ತಾರು, ಅವರಿಗೆ ತೊಂಬತ್ತೇಳು. ನಾವಿಬ್ಬರೂ ಕೊಳ್ಳುತ್ತಿರುವುದು ನಾವು ಕಾಣದ ಮೂವತ್ತೊಂಬತ್ತು ವರ್ಷ. ನನಗೆ ಮಗಳಿದ್ದಾಳೆ, ಪುಣೆಯಲ್ಲಿ; ಹಾಗಾಗಿ ಕೈ ಬಿಚ್ಚುವುದು ನನಗೆ ದೊಡ್ಡ ತ್ಯಾಗವಲ್ಲ, ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ. ಅದನ್ನು ತ್ಯಾಗ ಎಂದು ಸಭೆಯಲ್ಲಿ ಹೇಳಿಕೊಂಡರೆ ನಾನು ಸುಳ್ಳ. ಟೀಚರ್ ಹಾಗಲ್ಲ. ಅವರು ತಾನು ಉಣ್ಣದ ಊಟಕ್ಕೆ ದುಡ್ಡು ಕೊಡುವುದಿಲ್ಲ ಎನ್ನುತ್ತಾರೆ. ಲೆಕ್ಕದಲ್ಲಿ ಅವರದೇ ಸರಿ ಎಂದು ಖಜಾಂಚಿಯಾಗಿ ನಾನು ಒಪ್ಪಬೇಕು. ವರ್ಷವನ್ನು ಯಾರು ಉಣ್ಣುತ್ತಾರೋ ಅವರು ವರ್ಷದ ಬೆಲೆ ಕೊಡಬೇಕು. ಅವರ ಪಾಲನ್ನು ಸದ್ಯಕ್ಕೆ ಸೊಸೈಟಿಯ ಕಾದಿಟ್ಟ ನಿಧಿಯಿಂದ ಹಾಕಿ, ಮನೆ ಮುಂದೆ ಯಾರ ಹೆಸರಿಗೆ ಹೋಗುತ್ತದೋ ಅವರಿಂದ ವಸೂಲು ಮಾಡಬಹುದು, ಬಡ್ಡಿ ಬೇಡ. ನನಗೆ ನ್ಯಾಯ ಎನ್ನಿಸುವುದು ಇದು. ಮೂರನೇ ಮಾಳಿಗೆಯ ಹುಡುಗ ತಕ್ಷಣ ಒಪ್ಪಿದ. ಎರಡು ಮನೆಯವರು, "ಅವರಿಗೊಂದು ನಮಗೊಂದಾ?" ಎಂದರು. ಅವರಿಗೂ ಬೇಕಾದರೆ ಅದೇ ವ್ಯವಸ್ಥೆ ಎಂದೆ. ಸುಮ್ಮನಾದರು.

ಟೀಚರ್‌ಗೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ, "ಸೊಸೈಟಿಯವರು ನನಗೆ ದಾನ ಮಾಡುವುದೋ, ಸಾಲ ಕೊಡುವುದೋ?" ಎಂದು ಕೇಳಿದರು. ನನಗೆ ಒಂದು ಕ್ಷಣ ಆ ಹಳೆ ಜಗಲಿಯ ಕೆಳಗೆ ನಿಂತ ಹಾಗಾಯಿತು. ಅಪ್ಪ ಹೇಳಲಾಗದ್ದನ್ನು ನಾನು ಫೋನಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ. "ಮೇಲೆ ಬಂದು ಹೇಳ್ತೇನೆ" ಎಂದೆ.

ಕಳೆದ ಭಾನುವಾರ ಬೆಳಿಗ್ಗೆ ಹೋದೆ. ಕೈಯಲ್ಲಿ ಸೊಸೈಟಿಯ ಮೂಲ ಕಾಗದದ ಫೈಲು. ಕಬ್ಬಿಣದ ಕಪಾಟಿನಿಂದ ತೆಗೆಯುವಾಗ ಅದರ ದಾರ ಕೈಯಲ್ಲೇ ಪುಡಿಯಾಯಿತು. ಟೀಚರ್ ಚಹಾ ಕೊಟ್ಟರು, ಗಂಡನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂರಿಸಿದರು. ದುಡ್ಡಿನ ಮಾತು ನಾನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ.

"ಅದರಲ್ಲಿ ಏನು ಬರೆದಿದೆ ಎಂದು ಇಷ್ಟು ವರ್ಷದಲ್ಲಿ ನಮಗೆ ಯಾರೂ ಓದಿ ಹೇಳಲಿಲ್ಲ. ನೀವು ಓದಿದ್ದೀರಾ?"

"ಇಲ್ಲ."

"ಓದಿ ಹಾಗಾದರೆ."

ಇಂಗ್ಲಿಷಿನಲ್ಲಿ ಒಂದೊಂದು ಕಲಮು ಓದಿ ಮರಾಠಿಯಲ್ಲಿ ಹೇಳುತ್ತ ಹೋದೆ. ಕೆಲವು ವಾಕ್ಯ ಅರ್ಧ ಪುಟ. ಉಸಿರು ಬಿಡಲು ಜಾಗವಿಲ್ಲ. ನನ್ನ ಮರಾಠಿ ತಪ್ಪಿದ ಕಡೆ ಟೀಚರ್ ತಿದ್ದಿದರು. ಅರವತ್ತು ವರ್ಷ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

"ಯಾವ ತಾರೀಕಿನಿಂದ ಅರವತ್ತು?"

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಮೊದಲ ಪುಟಕ್ಕೆ ಹೋದೆ.